ಕೂರುವ ಸೀಟಿನ ಕೆಳಗಿನ ಕೆಲಸ

ಪ್ರೀತಿಯ ತಮ್ಮಾ,

ನಿನ್ನ ತಾತನ ಜೀಪನ್ನು ತೋಟದ ಶೆಡ್ಡಿನಿಂದ ಹೊರಗೆ ಎಳೆಸಿದ್ದೀಯ, ಹೊಸ ಪೆಟ್ರೋಲ್ ಟ್ಯಾಂಕು ತರಿಸಿದ್ದೀಯ, ಭಾನುವಾರ ಕೂರಿಸಿಬಿಡುತ್ತೇನೆ ಎಂದು ಬರೆದಿದ್ದೀಯ. ಓದಿ ಸಂತೋಷವಾಯಿತು. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ಹೀಗೆ ಅಜ್ಜಂದಿರ ಜೀಪು ಎಬ್ಬಿಸಲು ಹೊರಟ ಹುಡುಗ ಹುಡುಗಿಯರು ಇನ್ನೂ ಇದ್ದಾರೆ. ಅವರ ಕಣ್ಣಿಗೂ ಬೀಳಲಿ ಎಂದು ಉತ್ತರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಿನ್ನ ಪತ್ರದ ಒಂದು ಮಾತು ಮಾತ್ರ ನನ್ನನ್ನು ಹೆದರಿಸಿತು. ‘ಟ್ಯಾಂಕೇನು ಮಹಾ, ನಾಲ್ಕು ಬೋಲ್ಟಿನ ಕೆಲಸ’ ಎಂದಿದ್ದೀಯ. ಆ ಟ್ಯಾಂಕು ಎಲ್ಲಿ ಕೂರುತ್ತದೆ ಎಂಬುದನ್ನು ಒಮ್ಮೆ ನೆನಪಿಸಿಕೊ. 1941ರಿಂದ 1945ರವರೆಗೆ ಯುದ್ಧಕ್ಕೆಂದು ತಯಾರಾದ ವಿಲ್ಲಿಸ್ ಎಂಬಿ ಜೀಪಿನಲ್ಲಿ ಚಾಲಕನ ಸೀಟು ಎತ್ತಿದರೆ ಟ್ಯಾಂಕಿನ ಬಾಯಿ. ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 57 ಲೀಟರ್. 1953ರಲ್ಲಿ ಬಂದ ಎತ್ತರದ ಬಾನೆಟ್ಟಿನ ಸಿಜೆ–3ಬಿಯನ್ನು ಮಹೀಂದ್ರಾದವರು ನಮ್ಮ ದೇಶದಲ್ಲಿ ದಶಕಗಟ್ಟಲೆ ಕಟ್ಟಿದರು. ನಿನ್ನ ತಾತನದೂ ಅದೇ. ಅದರಲ್ಲಿ ಪೆಟ್ರೋಲ್ ಸುರಿಯುವ ಬಾಯಿ ಬಾಡಿಯ ಹೊರಪಕ್ಕಕ್ಕೆ ಬಂತು, ಟ್ಯಾಂಕು ಸುಮಾರು 40 ಲೀಟರಿಗೆ ಇಳಿಯಿತು. ಜಾಗ ಬದಲಾಗಲಿಲ್ಲ. ನಿನ್ನ ತಾತ ಇಷ್ಟು ವರ್ಷ ಕಾಫಿ ಮೂಟೆ ಸಾಗಿಸಿದ್ದು, ರಾತ್ರಿ ಹೊತ್ತು ಬಾಣಂತಿಯರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಎಲ್ಲ ಪೆಟ್ರೋಲಿನ ಮೇಲೆ ಕೂತುಕೊಂಡೇ. ನಾಳೆ ನೀನು ಕೂರುವುದೂ ಅಲ್ಲೇ.

ಕೆಲಸದ ಮಾತಿಗೆ ಮುಂಚೆ ನನ್ನದೊಂದು ತಪ್ಪನ್ನು ಹೇಳಬೇಕು. 1984ರಲ್ಲಿ ನಮ್ಮ ಜೀಪಿನ ಟ್ಯಾಂಕು ತಳದಲ್ಲಿ ತೂತಾಗಿ ಜಿನುಗುತ್ತಿತ್ತು. ಬಿಚ್ಚಿ, ಪೆಟ್ರೋಲೆಲ್ಲ ಬಸಿದು, ಮೂರು ದಿನ ಬಿಸಿಲಿಗೆ ಒಣಗಿಸಿ, ಪೇಟೆಯಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡುವವನ ಹತ್ತಿರ ಒಯ್ದೆ. ‘ಖಾಲಿ ತಾನೆ?’ ಎಂದು ಕೇಳಿದ. ‘ಖಾಲಿ’ ಎಂದೆ. ಜ್ವಾಲೆ ತಗಲಿದ್ದೇ ತಡ, ಟ್ಯಾಂಕು ಸಿಡಿಯಿತು. ಜೀವ ಉಳಿಯಿತು, ಆದರೆ ಅವನ ಬಲಗೈ ಮೊದಲಿನಂತೆ ಆಗಲೇ ಇಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಖಾಲಿ ಎಂದರೇನು ಎಂಬುದು ನನಗೆ ಗೊತ್ತಿರಲಿಲ್ಲ. ದ್ರವ ಪೆಟ್ರೋಲ್ ಹೊರಗೆ ಹೋದರೂ ತಗಡಿನ ಸಂದಿಯಲ್ಲಿ, ತುಕ್ಕಿನ ಪದರದಲ್ಲಿ ಉಳಿದದ್ದು ಆವಿಯಾಗುತ್ತಲೇ ಇರುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಬೆರೆತರೆ ಸಾಕು, ಕಿಡಿಗೆ ಕಾಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲ, ಖಾಲಿಯದರಲ್ಲಿ ತುಂಬ ಜಾಗ. ಖಾಲಿ ಟ್ಯಾಂಕೇ ಹೆಚ್ಚು ಅಪಾಯ ಎಂಬ ಪಾಠಕ್ಕೆ ಬೆಲೆ ತೆತ್ತವನು ಅವನು, ಕಲಿತವನು ನಾನು.

ಆದ್ದರಿಂದ ಹಳೆಯದಕ್ಕೆ ಬೆಸುಗೆ ಹಾಕಿಸದೆ ಹೊಸದು ತರಿಸಿದ್ದು ಒಳ್ಳೆಯದೇ ಆಯಿತು. ಈಗ ಬಿಚ್ಚುವ ದಿನದ ಮಾತು. ಜೀಪನ್ನು ಬಯಲಿಗೆ ತಂದು ನಿಲ್ಲಿಸು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಗ್ಯಾರೇಜಿನ ಗುಂಡಿಯ ಮೇಲೆ ಈ ಕೆಲಸ ಬೇಡವೇ ಬೇಡ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚು, ಆಮೇಲೆ ಡ್ರೈನ್ ಪ್ಲಗ್ ಮುಟ್ಟು. ಹತ್ತು ಮಾರು ದೂರದಲ್ಲಿ ಯಾರೋ ಬೀಡಿ ಹಚ್ಚಿದರೂ ನಾಚಿಕೆಪಡದೆ ಬೇಡ ಎನ್ನು.

ಹಳೆಯ ಟ್ಯಾಂಕು ಹೊರಗೆ ಬಂದ ಮೇಲೆ ಹೊಸದಕ್ಕೆ ಆತುರಪಡಬೇಡ. ಹಳೆಯದು ಎಲ್ಲಿ ಕೆಟ್ಟಿದೆ ಎಂದು ಮಗುಚಿ ನೋಡು. ಬಹುಪಾಲು ತುಕ್ಕು ಹೊರಗಿನಿಂದ, ಅದೂ ತಳದಿಂದ ಹಿಡಿದಿರುತ್ತದೆ. ಚಕ್ರ ಎರಚಿದ ಕೆಮ್ಮಣ್ಣು ಟ್ಯಾಂಕು ಕೂರುವ ತಗ್ಗಿನೊಳಗೆ ಸೇರಿ, ಅಲ್ಲಿ ನೀರು ಇಳಿಯುವ ತೂತುಗಳನ್ನು ಮುಚ್ಚಿರುತ್ತದೆ. ಟ್ಯಾಂಕಿನ ಅಡಿಗೆ ಹಾಸಿದ ಫೆಲ್ಟ್ ಬಟ್ಟೆ ಜೂನ್‌ನಲ್ಲಿ ನೀರು ಕುಡಿದರೆ ನಮ್ಮ ಸೀಮೆಯಲ್ಲಿ ದೀಪಾವಳಿಯವರೆಗೂ ಆರುವುದಿಲ್ಲ. ಆ ಒದ್ದೆಯ ಮೇಲೆಯೇ ಹೊಸ ಟ್ಯಾಂಕು ಇಟ್ಟರೆ ಅದಕ್ಕೂ ಅದೇ ಗತಿ. ಆ ತಗ್ಗನ್ನು ಕೆರೆದು ತೊಳೆ, ತೂತುಗಳನ್ನು ಬಿಡಿಸು, ರೆಡ್ ಆಕ್ಸೈಡ್ ಬಳಿದು ಬಣ್ಣ ಹಚ್ಚಿ ಎರಡು ದಿನ ಒಣಗಲು ಬಿಡು. ಭಾನುವಾರಕ್ಕೆ ಮುಗಿಯದಿದ್ದರೆ ಮುಂದಿನ ಭಾನುವಾರ ಇದ್ದೇ ಇದೆ.

ಹೊಸ ಟ್ಯಾಂಕಿನ ಒಳಗೂ ಕಣ್ಣು ಹಾಯಿಸು. ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆ, ಬೆಸುಗೆಯ ಪುಡಿ ಇರುತ್ತವೆ. ಒಂದು ಲೀಟರ್ ಪೆಟ್ರೋಲ್ ಹಾಕಿ ಕುಲುಕಿ, ಬಟ್ಟೆಯಲ್ಲಿ ಸೋಸಿ ನೋಡು. ಬಟ್ಟೆಯಲ್ಲಿ ಏನೂ ನಿಲ್ಲದಾಗುವವರೆಗೆ ಮಾಡು. ಆದರೆ ಅದಕ್ಕೂ ಮುಂಚೆ, ಒಳಗೆ ಪೆಟ್ರೋಲ್ ತಗಲುವ ಮೊದಲೇ, ಬೋಲ್ಟು ಹಾಕದೆ ಸುಮ್ಮನೆ ಕೂರಿಸಿ ನೋಡು. ಈಗ ತಯಾರಾಗುವ ಟ್ಯಾಂಕುಗಳು ಕಾಲಂಗುಲ ಆಚೀಚೆ ಇರುವುದುಂಟು. ತೂತು ಹೊಂದದಿದ್ದರೆ ಟ್ಯಾಂಕಿನ ಕಿವಿಯನ್ನೋ ಅದನ್ನು ಹಿಡಿಯುವ ಪಟ್ಟಿಯನ್ನೋ ತಿದ್ದು, ಬಾಡಿಯನ್ನು ಕೊರೆಯಬೇಡ. 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ಎಂದು ಬೇರೆಯೇ ನೋಂದಣಿ 2021ರಿಂದ ಬಂದಿದೆ. ಅದಕ್ಕೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಕಾನೂನಿನ ಮಾತು ಬಿಟ್ಟರೂ, ಎಪ್ಪತ್ತು ವರ್ಷ ಉಳಿದು ಬಂದ ತಗಡಿಗೆ ನಮ್ಮ ಅವಸರದ ತೂತು ಬೀಳಬಾರದು.

ಬಿಗಿಯುವುದರಲ್ಲಿ ಒಂದು ಹದವಿದೆ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗುತ್ತದೆ. ತುಂಬಿದ ಟ್ಯಾಂಕೆಂದರೆ ಹತ್ತಿರ ಹತ್ತಿರ 30 ಕಿಲೋ, ಅದೂ ಒಳಗೆ ತುಳುಕುವ ಭಾರ. ಸಡಿಲವಿದ್ದರೆ ತೋಟದ ದಾರಿಯ ಕಲ್ಲಿನ ಮೇಲೆ ಕುಣಿದು ತಗಡು ಸವೆಯುತ್ತದೆ. ಅತಿ ಬಿಗಿದರೆ ಪಟ್ಟಿಯ ಅಂಚಿನಲ್ಲೇ ಬಿರಿಯುತ್ತದೆ. ತಗಡು ತಗಡಿಗೆ ಎಲ್ಲಿಯೂ ತಾಗದಂತೆ, ನೀರು ಹಿಡಿಯದ ರಬ್ಬರ್ ಶೀಟು ಕತ್ತರಿಸಿ ಅಡಿಗೂ ಪಟ್ಟಿಯ ಕೆಳಗೂ ಹಾಸು. ಕೈಯಲ್ಲಿ ನೂಕಿದರೆ ಅಲುಗಬಾರದು, ಪಟ್ಟಿಯ ಕೆಳಗೆ ತಗಡು ಒಳಕ್ಕೆ ತಗ್ಗಲೂಬಾರದು. ನೂರು ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಕೂತಿರುತ್ತದೆ, ಆಗ ಇನ್ನೊಮ್ಮೆ ಸ್ಪ್ಯಾನರ್ ಇಡು.

ಎಲ್ಲ ಕಡೆ ರಬ್ಬರ್ ಹಾಸಿ ಬಣ್ಣ ಹಚ್ಚಿದ ಟ್ಯಾಂಕಿಗೆ ಬಾಡಿಯ ಅರ್ತ್ ಸಿಗುವುದಿಲ್ಲ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಆಗ ಸುಳ್ಳು ಹೇಳುತ್ತದೆ. ಹೊಸ ಗೇಜು ಕೊಂಡು ದುಡ್ಡು ಕಳೆಯುವ ಮುಂಚೆ, ಫ್ಲೋಟಿನ ಘಟಕದ ಒಂದು ಸ್ಕ್ರೂವಿನಿಂದ ಬಾಡಿಗೆ ತುಂಡು ತಂತಿ ಎಳೆದು ನೋಡು. ಫ್ಲೋಟಿನ ಕಡ್ಡಿ ಒಳಗಿನ ಅಡ್ಡತಗಡಿಗೆ ತಾಗದೆ ಮೇಲೆ ಕೆಳಗೆ ಸರಾಗ ಆಡುತ್ತದೆಯೇ ಎಂದು ಮುಚ್ಚುವ ಮುಂಚೆಯೇ ಪರೀಕ್ಷಿಸು.

ಇನ್ನು ಪೈಪು. ಟ್ಯಾಂಕು ಇರುವುದು ಬಾಡಿಯಲ್ಲಿ, ಎಂಜಿನ್ನಿಗೆ ಹೋಗುವ ಕೊಳವೆ ಇರುವುದು ಚಾಸಿಯ ಮೇಲೆ. ಒಂದು ಚಕ್ರ ಚರಂಡಿಗೆ ಇಳಿದು ಇನ್ನೊಂದು ದಿಬ್ಬ ಹತ್ತಿದಾಗ ಇವೆರಡೂ ಬೇರೆ ಬೇರೆ ತಿರುಚಿಕೊಳ್ಳುತ್ತವೆ. ನಡುವೆ ಮೆತ್ತನೆಯ ಹೋಸ್ ತುಂಡು ಇರಲೇಬೇಕು. ಶೆಡ್ಡಿನಲ್ಲಿ ಬಿದ್ದಿರುವ ಹಳೆಯ ಹೋಸ್ ಮಾತ್ರ ಬೇಡ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಎಥೆನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಎಥೆನಾಲ್ ತಡೆಯುವ ಹೋಸ್ ಎಂದು ಕೇಳಿಯೇ ಕೊಳ್ಳು. ಕಾರ್ಕಿನ ಹಳೆಯ ಗ್ಯಾಸ್ಕೆಟ್ಟನ್ನೂ ಬದಲಿಸು. ಮಳೆಗಾಲವಿಡೀ ಓಡಿಸದೆ ನಿಲ್ಲಿಸುವುದಾದರೆ ಪೆಟ್ರೋಲ್ ಬಸಿದುಬಿಡು.

ಮುಚ್ಚಳ ಸಣ್ಣ ವಸ್ತು, ಆದರೆ ಟ್ಯಾಂಕು ಉಸಿರಾಡುವುದು ಅದರಿಂದ. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಬರಬೇಕು. ಅದರ ಸೂಜಿಮೊನೆಯ ತೂತು ಮುಚ್ಚಿಹೋಗಿದ್ದರೆ ಐದಾರು ಮೈಲಿ ಓಡಿ ಜೀಪು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ. ಜನ ಕಾರ್ಬುರೇಟರ್ ಬಿಚ್ಚುತ್ತಾರೆ, ಪಂಪು ಬದಲಿಸುತ್ತಾರೆ. ನೀನು ಮೊದಲು ಮುಚ್ಚಳ ತೆಗೆದು ಕಿವಿಗೊಡು. ಬುಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ರೋಗ ಅಲ್ಲೇ ಇದೆ.

ಎಲ್ಲ ಕೂತ ಮೇಲೆ ಐದೇ ಲೀಟರ್ ಹಾಕು. ಕೆಳಗೆ ರಟ್ಟು ಹಾಸಿ ಒಂದು ರಾತ್ರಿ ಬಿಡು. ಬೆಳಿಗ್ಗೆ ರಟ್ಟು ಒಣಗಿದ್ದು, ಮೂಗಿಗೆ ವಾಸನೆ ಬಾರದಿದ್ದರೆ ಟ್ಯಾಂಕು ತುಂಬಿಸಿ ಮತ್ತೊಮ್ಮೆ ನೋಡು. ಆಮೇಲೆ ಸೀಟು ಹಾಕು, ಮನೆಯವರನ್ನು ಕೂರಿಸಿಕೊ. ಬೆಂಕಿ ಆರಿಸುವ ಸಣ್ಣ ಸಿಲಿಂಡರೊಂದು ಕೈಗೆಟಕುವಲ್ಲಿ ಇರಲಿ.

ಸೀಟು ಮುಚ್ಚಿದ ಮೇಲೆ ನೀನು ಹಾಸಿದ ರಬ್ಬರು, ಬಿಡಿಸಿದ ತೂತು, ಎಳೆದ ತಂತಿ ಯಾರಿಗೂ ಕಾಣುವುದಿಲ್ಲ. ಹೊಳೆಯುವ ಬಾನೆಟ್ಟನ್ನು ಊರೆಲ್ಲ ಹೊಗಳೀತು, ಈ ಕೆಲಸವನ್ನು ಹೊಗಳುವವರು ಸಿಗಲಾರರು. ಆದರೆ ಪಕ್ಕದಲ್ಲಿ ಕೂರುವ ನಿನ್ನ ಅಮ್ಮನ ಜೀವ ನಂಬಿರುವುದು ಇದನ್ನೇ.

ಕೊನೆಯದಾಗಿ, ಆ ಹಳೆಯ ಟ್ಯಾಂಕು. ಒಂದು ದಿನ ಗುಜರಿಯವನು ಬಂದೇ ಬರುತ್ತಾನೆ. ಕೊಟ್ಟರೆ ಅವನು ಅದನ್ನು ಗ್ಯಾಸ್ ಕಟರಿನಿಂದಲೇ ಸೀಳುವುದು. ಸೋಪಿನ ನೀರಿನಲ್ಲಿ ತೊಳೆದು, ಬಾಯಿಯವರೆಗೆ ನೀರು ತುಂಬಿ ಇಡು, ಮೈಮೇಲೆ ‘ಪೆಟ್ರೋಲ್ ಇದ್ದ ಟ್ಯಾಂಕು, ಬೆಂಕಿ ತಗಲಿಸಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆ. ಅವನು ಬಂದಾಗ ಬಾಯಿಬಿಟ್ಟೂ ಹೇಳು. ‘ಖಾಲಿ ತಾನೆ?’ ಎಂದು ಅವನೂ ಕೇಳುತ್ತಾನೆ. ನಾನು ಕೊಟ್ಟ ಉತ್ತರವನ್ನು ನೀನು ಕೊಡಬೇಡ.

ನಿನ್ನ ಹಿತ ಬಯಸುವ,
ದೊಡ್ಡಪ್ಪ