ಬಿಲ್ಲು, ಮರಸು, ಮಾಳ: ಜಿಂಕೆ ಬೇಟೆಯ ಪರಿಭಾಷೆ ಮತ್ತು ಕಾವ್ಯದ ಓದು

ಪೀಠಿಕೆ

ಕನ್ನಡ ಕಾವ್ಯಗಳಲ್ಲಿ ಬೇಟೆಯ ಪ್ರಸಂಗ ಬಂದಾಗ ಅದನ್ನು ‘ವರ್ಣನೆ’ ಎಂದು ಗುರುತಿಸಿ ಮುಂದೆ ಸಾಗುವುದು ಪಾಠಕ್ರಮದಲ್ಲಿ ರೂಢಿಯಾಗಿದೆ. ನಗರ, ಸಮುದ್ರ, ಪರ್ವತ, ಋತುಗಳಂತೆ ಬೇಟೆಯೂ ಕವಿ ಪಾಲಿಸಲೇಬೇಕಾದ ಒಂದು ಸಂಪ್ರದಾಯ ಎಂಬ ಗ್ರಹಿಕೆ ಇದಕ್ಕೆ ಕಾರಣ. ಆದರೆ ದಂಡಿಯ ‘ಕಾವ್ಯಾದರ್ಶ’ವು ಮಹಾಕಾವ್ಯಕ್ಕೆ ವಿಧಿಸುವ ವರ್ಣನೆಗಳ ಪಟ್ಟಿಯಲ್ಲಿ ಬೇಟೆ ಇಲ್ಲ. ಮೃಗಯೆಯನ್ನು ಅಂಥ ಪಟ್ಟಿಯಲ್ಲಿ ಹೆಸರಿಸುವ ವಿಶ್ವನಾಥನ ‘ಸಾಹಿತ್ಯದರ್ಪಣ’ 14ನೆಯ ಶತಮಾನದ್ದು. ಅದಕ್ಕೂ ಬಹು ಹಿಂದೆಯೇ ಕಾಳಿದಾಸ ‘ರಘುವಂಶ’ದ ಒಂಬತ್ತನೆಯ ಸರ್ಗದಲ್ಲಿ ದಶರಥನ ಬೇಟೆಯನ್ನೂ, ಪಂಪ ಸು. 941ರ ‘ವಿಕ್ರಮಾರ್ಜುನ ವಿಜಯ’ದ ಐದನೆಯ ಆಶ್ವಾಸದಲ್ಲಿ ಬೇಟೆಯ ವಿಸ್ತಾರವಾದ ಪ್ರಸಂಗವನ್ನೂ ಬರೆದಿದ್ದರು. ಎಂದರೆ ಇಲ್ಲಿ ಲಕ್ಷ್ಯವೇ ಲಕ್ಷಣಕ್ಕಿಂತ ಮೊದಲಿನದು. ಕವಿಗಳು ಬೇಟೆಯನ್ನು ಬರೆದದ್ದು ಶಾಸ್ತ್ರ ಹೇಳಿತೆಂದಲ್ಲ; ಅದು ಅವರ ಸುತ್ತಲಿನ ಬದುಕಿನಲ್ಲಿ ಒಂದು ಪರಿಣತ ವಿದ್ಯೆಯಾಗಿದ್ದುದರಿಂದ.

ಆ ವಿದ್ಯೆಯ ಪರಿಭಾಷೆ ಮರೆಯಾದಂತೆ ಕಾವ್ಯಕಥೆಗಳ ಅರ್ಥವೂ ಮಸುಕಾಗುತ್ತದೆ ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ. ಜಿಂಕೆ ಜಾತಿಯ ಪ್ರಾಣಿಗಳ ಬೇಟೆಯ ತಂತ್ರ ಮತ್ತು ಕಾಡಂಚಿನ ಕಾವಲು ಗುಡಿಸಿಲಿನ ಬದುಕು, ಇವೆರಡನ್ನು ಆಧಾರವಾಗಿಟ್ಟುಕೊಂಡು ಈ ವಿಚಾರವನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಹೆಸರು ಮತ್ತು ನೆಲೆ

ಹಳಗನ್ನಡದ ಎರಳೆ, ಹುಲ್ಲೆ, ಬಯಲುಸೀಮೆಯ ಚಿಗರಿ, ಮಲೆನಾಡಿನ ಕಡ, ಮಿಗ, ಕಾಡುಕುರಿ, ಬರ್ಕ ಈ ಎಲ್ಲ ಪದಗಳಿಗೂ ಟಿಪ್ಪಣಿಗಳಲ್ಲಿ ‘ಜಿಂಕೆ’ ಅಥವಾ ‘ಜಿಂಕೆಯ ಒಂದು ಜಾತಿ’ ಎಂಬ ಒಂದೇ ಅರ್ಥ ದೊರೆಯುವುದುಂಟು. ಅರ್ಥವನ್ನು ಹೀಗೆ ಸಮೀಕರಿಸಿದಾಗ ಪ್ರಾಣಿಯ ನೆಲೆ ಕಳೆದುಹೋಗುತ್ತದೆ. ಚಿಗರಿ ಅಥವಾ ಕೃಷ್ಣಮೃಗ ತೆರೆದ ಹುಲ್ಲುಬಯಲಿನ ಪ್ರಾಣಿ. ಓಟವೇ ಅದರ ರಕ್ಷಣೆ. ಕಡವೆ ದಟ್ಟ ಕಾಡಿನದು. ಅಡಗುವುದು, ಆಲಿಸುವುದು ಅದರ ರಕ್ಷಣೆ. ಕಾಡುಕುರಿ ಒಂಟಿಯಾಗಿ ಪೊದೆಗಳ ನಡುವೆ ತಿರುಗುತ್ತದೆ. ಚುಕ್ಕೆ ಜಿಂಕೆ ಹಿಂಡಾಗಿ ಕಾಡಿನ ಅಂಚಿನಲ್ಲಿ ಮೇಯುತ್ತದೆ.

ನೆಲೆ ಬೇರೆಯಾದಂತೆ ಬೇಟೆಯ ಕ್ರಮವೂ ಬೇರೆಯಾಗುತ್ತದೆ. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಪಳಗಿಸಿದ ಚೀತಾಗಳಿಂದ ಜಿಂಕೆಯನ್ನು ಹಿಡಿಸುವ ವಿನೋದದ ಪ್ರಸ್ತಾಪವಿದೆ. ಇದು ಕಲ್ಯಾಣದ ಸುತ್ತಲಿನ ಬಯಲಿಗೆ ಒಪ್ಪುವ ಬೇಟೆ. ಸಹ್ಯಾದ್ರಿಯ ಮಲೆಯಲ್ಲಿ ಚೀತಾ ಓಡಲು ಎಡೆಯಿಲ್ಲ. ಹಾಗಾಗಿ ಒಂದು ಕಾವ್ಯದಲ್ಲಿ ಬರುವ ಮೃಗ ಎರಳೆಯೋ ಕಡವೆಯೋ ಎಂಬುದು ಕೇವಲ ಪದಾರ್ಥದ ಪ್ರಶ್ನೆಯಲ್ಲ. ಕವಿಯ ಕಣ್ಣ ಮುಂದಿರುವುದು ಬಯಲೋ ಕಾಡೋ ಎಂಬುದನ್ನು ಅದು ತಿಳಿಸುತ್ತದೆ.

2. ಮೂರು ತಂತ್ರ, ಮೂರು ಕಥೆ

ಮಹಾಕಾವ್ಯಗಳ ಮೂರು ಪ್ರಸಿದ್ಧ ಪ್ರಸಂಗಗಳು ಬೇಟೆಯ ಮೂರು ಬೇರೆ ಬೇರೆ ತಂತ್ರಗಳನ್ನು ಆಧರಿಸಿವೆ ಎಂಬುದು ಗಮನಾರ್ಹ.

ಮೊದಲನೆಯದು ನೀರಿನ ಬಳಿ ಹೊಂಚುವ ಬೇಟೆ. ಕಾಡಿನಲ್ಲಿ ಪ್ರಾಣಿಯನ್ನು ಹುಡುಕಿ ಅಲೆಯುವ ಬದಲು ಅದು ಬಂದೇ ತೀರಬೇಕಾದ ಎಡೆಯಲ್ಲಿ ಕಾಯುವುದು ಇದರ ತತ್ತ್ವ. ವಾಲ್ಮೀಕಿಯ ದಶರಥ ಮಳೆಗಾಲದ ರಾತ್ರಿ ಸರಯೂ ತೀರದಲ್ಲಿ ನೀರಿಗೆ ಬರುವ ಮೃಗಕ್ಕಾಗಿ ಕಾದವನು. ಕತ್ತಲಲ್ಲಿ ಕಣ್ಣು ಕೆಲಸಕ್ಕೆ ಬಾರದು. ಅವನು ನೆಚ್ಚಿಕೊಂಡದ್ದು ಶಬ್ದವೇಧಿ ವಿದ್ಯೆಯನ್ನು. ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟ. ಕಣ್ಣಿಗೆ ಕಾಣದ್ದರ ಮೇಲೆ ಹೊಡೆಯಬಾರದೆಂಬುದು ಬೇಟೆಯ ಮೊದಲ ಎಚ್ಚರ. ದಶರಥನ ದುರಂತವನ್ನು ವಿಧಿಯ ಆಟವೆಂದಷ್ಟೇ ಓದಿದರೆ ಈ ಅಂಶ ತಪ್ಪಿಹೋಗುತ್ತದೆ. ಅವನ ಪರಿಣತಿಯೇ ಅವನನ್ನು ಆ ಎಚ್ಚರದಿಂದ ದೂರ ಒಯ್ದಿತ್ತು.

ಎರಡನೆಯದು ಬೆದೆಯ ಕಾಲದ ಬೇಟೆ. ಕೂಟದಲ್ಲಿ ತೊಡಗಿದ ಮೃಗ ತನ್ನ ಸಹಜ ಎಚ್ಚರವನ್ನು ಕಳೆದುಕೊಂಡಿರುತ್ತದೆ. ಹೊಡೆಯಲು ಅದಕ್ಕಿಂತ ಸುಲಭವಾದ ಗುರಿ ಇಲ್ಲ. ಮಹಾಭಾರತದ ಪಾಂಡು ಇಂಥ ಜಿಂಕೆಯ ಜೋಡಿಗೆ ಬಾಣ ಬಿಡುತ್ತಾನೆ. ಅರಸರಿಗೆ ಮೃಗವಧೆ ಸಮ್ಮತವೆಂದು ಅವನು ವಾದಿಸುತ್ತಾನೆ. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿಯ ಆಕ್ಷೇಪವು ಬೇಟೆಯ ಮೇಲಲ್ಲ, ಕೂಟ ಮುಗಿಯುವವರೆಗೂ ಕಾಯದೆ ಹೋದುದರ ಮೇಲೆ. ಶಾಪ ಬರುವುದು ಬೇಟೆಯೊಳಗಿನ ಒಂದು ನಿಯಮವನ್ನು ಮುರಿದುದಕ್ಕಾಗಿ. ಈ ಪ್ರಸಂಗವನ್ನು ಒಟ್ಟಾರೆ ಹಿಂಸೆಯ ಖಂಡನೆ ಎಂದು ವಿವರಿಸುವುದು ಪಠ್ಯಕ್ಕೆ ನ್ಯಾಯ ಒದಗಿಸುವುದಿಲ್ಲ.

ಮೂರನೆಯದು ದೀವದ ಬೇಟೆ. ಪಳಗಿಸಿದ ಮೃಗವನ್ನು ಮುಂದೆ ಬಿಟ್ಟು, ಅದರ ಬಳಿಗೆ ಬರುವ ಕಾಡುಮೃಗವನ್ನು ಹೊಡೆಯುವ ಕ್ರಮವಿದು. ಹೀಗೆ ಸೆಳೆಯಲು ಬಳಸುವ ಪ್ರಾಣಿಗೆ ಹಳಗನ್ನಡದಲ್ಲಿ ‘ದೀವ’ ಎಂದು ಹೆಸರು. ರಾಮಾಯಣದ ಮಾರೀಚ ಈ ತಂತ್ರದ ತಿರುವುಮುರುವು ರೂಪ: ಇಲ್ಲಿ ದೀವವು ಸೆಳೆಯುವುದು ಮೃಗವನ್ನಲ್ಲ, ಬೇಟೆಗಾರನನ್ನು. ಬೇಟೆಯ ಸಂತೋಷದಲ್ಲಿ ಅಲೆಯುತ್ತಿದ್ದ ಅರಸರನ್ನು ಮಾರೀಚ ಇದೇ ಕಪಟದಿಂದ ಕೊಂದಿರುವನೆಂದು ವಾಲ್ಮೀಕಿಯ ಲಕ್ಷ್ಮಣ ಎಚ್ಚರಿಸುವುದು ಈ ಓದಿಗೆ ಬಲವಾದ ಆಧಾರ. ದೀವ ಎಂಬ ಪರಿಕಲ್ಪನೆ ತಿಳಿದ ಕೇಳುಗನಿಗೆ ಹೊನ್ನಿನ ಜಿಂಕೆ ಕಾಣಿಸಿಕೊಂಡ ಕ್ಷಣದಲ್ಲೇ ಕಥೆಯ ಮುಂದಿನ ಗತಿ ಹೊಳೆದಿರಬೇಕು.

3. ಸೋವು, ಬಿಲ್ಲು, ಮರಸು

ಕಾವ್ಯಗಳಿಂದ ಆಧುನಿಕ ಗದ್ಯಕ್ಕೆ ಬಂದರೆ ಬೇಟೆಯ ಪರಿಭಾಷೆ ಮಲೆನಾಡಿನ ಆಡುನುಡಿಯಲ್ಲಿ ಮುಂದುವರಿದಿರುವುದು ಕಾಣುತ್ತದೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933), ‘ಕಾನೂರು ಹೆಗ್ಗಡಿತಿ’ (1936) ಕೃತಿಗಳ ಲೋಕದಲ್ಲಿ ಬೇಟೆ ದಿನಬಳಕೆಯ ಸಂಗತಿ. ಹಳಗನ್ನಡದ ‘ಪಳು’ ಇಲ್ಲಿ ‘ಹಳು’ವಾಗಿದೆ. ಹಳುವಿನೊಳಗೆ ನುಗ್ಗಿ ಕೂಗು, ನಾಯಿ, ಬಡಿತಗಳಿಂದ ಮೃಗವನ್ನು ಎಬ್ಬಿಸಿ ಅಟ್ಟುವುದು ‘ಸೋವು’. ಇದು ನಡುಗನ್ನಡ ಕಾವ್ಯದ ‘ಸೋಹು’ ಪದದ ಮುಂದುವರಿಕೆ. ಅಟ್ಟಿಸಿಕೊಂಡ ಮೃಗ ದಾಟಿ ಹೋಗುವ ಎಡೆ ‘ಕಂಡಿ’. ಆ ಕಂಡಿಗಳಲ್ಲಿ ಕೋವಿ ಹಿಡಿದವರು ಕಾಯುವ ಜಾಗ ‘ಬಿಲ್ಲು’.

ಕೊನೆಯ ಪದ ಬೋಧಕರ ವಿಶೇಷ ಗಮನಕ್ಕೆ ಅರ್ಹ. ‘ಬಿಲ್ಲಿಗೆ ನಿಲ್ಲು’ ಎಂಬ ಮಾತನ್ನು ಓದಿದ ವಿದ್ಯಾರ್ಥಿ ಬಿಲ್ಲುಬಾಣವನ್ನು ಕಲ್ಪಿಸಿಕೊಳ್ಳುವುದು ಸಹಜ. ಆದರೆ ಅಲ್ಲಿರುವುದು ಕೋವಿ. ಬಿಲ್ಲು ಎಂಬುದು ಸ್ಥಳವಾಚಕ. ಆಯುಧ ಬದಲಾದ ಮೇಲೂ ಹಳೆಯ ಆಯುಧದ ಹೆಸರು ನಿಂತ ಜಾಗಕ್ಕೆ ಅಂಟಿಕೊಂಡು ಉಳಿದಿದೆ.

ಬಿಲ್ಲುಗಳನ್ನು ಹಂಚುವಾಗ ಗಾಳಿಯ ದಿಕ್ಕು ನಿರ್ಣಾಯಕ. ಕಡವೆ ಮನುಷ್ಯನ ವಾಸನೆಯನ್ನು ದೂರದಿಂದಲೇ ಹಿಡಿಯುವುದರಿಂದ ಗಾಳಿ ಕಾಯುವವನ ಕಡೆಯಿಂದ ಹಳುವಿಗೆ ಬೀಸುತ್ತಿದ್ದರೆ ಇಡೀ ಸೋವು ವ್ಯರ್ಥ. ನಾಯಿಗಳು ಬೆನ್ನು ಹತ್ತಿದ ಕಡವೆ ಹಲವು ವೇಳೆ ಹಳ್ಳ ಅಥವಾ ಕೆರೆಯ ನೀರಿಗಿಳಿದು ಎದುರಿಸಿ ನಿಲ್ಲುತ್ತದೆ. ಆದ್ದರಿಂದ ನೀರಿನ ದಾರಿಯಲ್ಲಿ ಒಂದು ಬಿಲ್ಲು ಇರಬೇಕಾದುದು ಸಹಜ. ಇದಕ್ಕೆ ಪ್ರತಿಯಾಗಿ ಒಬ್ಬನೇ ಹಣ್ಣಿನ ಮರದ ಮೇಲೋ ನೀರಿನ ಬಳಿಯೋ ಸದ್ದಿಲ್ಲದೆ ಕಾಯುವುದು ‘ಮರಸು ಕೂರುವುದು’. ‘ಮರೆ’ ಎಂಬುದರೊಂದಿಗೆ ಈ ಪದದ ಅರ್ಥಸಂಬಂಧ ಸ್ಪಷ್ಟವಾಗಿದೆ.

ಸೋವಿಗೂ ಮರಸಿಗೂ ಇರುವ ಅಂತರ ತಂತ್ರದ್ದು ಮಾತ್ರವಲ್ಲ, ಸಾಮಾಜಿಕವೂ ಹೌದು. ಸೋವಿಗೆ ಬಹಳ ಜನ ಬೇಕು. ಕೋವಿಯಿದ್ದ ಒಡೆಯರು ಬಿಲ್ಲಿನಲ್ಲಿ ನಿಂತರೆ ಮುಳ್ಳು, ಜಿಗಣೆಗಳ ನಡುವೆ ಹಳು ನುಗ್ಗುವವರು ಆಳುಗಳು. ಗಾಯಗೊಂಡ ಮೃಗಕ್ಕೆ ಮೊದಲು ಎದುರಾಗುವವರೂ ಅವರೇ. ಕೋವಿಯ ಪಾಲು, ನಾಯಿಯ ಪಾಲು ಎಂದು ಮಾಂಸ ಹಂಚುವ ಕ್ರಮ ಈ ಸಂಬಂಧಗಳ ಒಂದು ಲೆಕ್ಕಪತ್ರದಂತಿದೆ. ಕಾದಂಬರಿಯ ಬೇಟೆಯ ಪ್ರಸಂಗವನ್ನು ಪ್ರಕೃತಿ ವರ್ಣನೆಯೆಂದು ಬಿಟ್ಟುಬಿಟ್ಟರೆ ಜಾತಿ ಮತ್ತು ದುಡಿಮೆಯ ಈ ದಾಖಲೆಯೂ ಕೈತಪ್ಪುತ್ತದೆ.

4. ಬಂಗಲೆ ಮತ್ತು ಮಾಳ

ಬೇಟೆಗೆ ಸಂಬಂಧಿಸಿದ ವಸತಿಗಳು ಎರಡು ಬಗೆಯವು. ಒಂದು ಅರಸರ ಬೇಟೆಯ ಬಂಗಲೆ. ಕಬಿನಿ ತೀರದ ಕಾರಾಪುರದಲ್ಲಿ ಮೈಸೂರು ಅರಸರ ಅಂಥ ಬಂಗಲೆಯಿತ್ತು. ಆ ಸ್ಥಳ ಈಗ ಪ್ರವಾಸಿಗರ ತಂಗುದಾಣವಾಗಿದೆ. ಸಮೀಪದ ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಬಂಗಲೆ, ಶಿಕಾರಿ, ಖೆಡ್ಡಾ ಈ ಲೋಕದ ಪದಗಳು ಬಹುಮಟ್ಟಿಗೆ ಹೊರಗಿನಿಂದ ಬಂದವು.

ಇನ್ನೊಂದು ಗದ್ದೆ ಕಾಯುವ ‘ಮಾಳ’. ನಾಲ್ಕು ಕಂಬಗಳ ಮೇಲೆ ಎತ್ತರದಲ್ಲಿ ಹಾಸಿದ ಅಟ್ಟ, ಮೇಲೆ ಹುಲ್ಲಿನ ಹೊದಿಕೆ, ಬಳಿಯಲ್ಲಿ ಒಂದು ಬೆಂಕಿ, ಹೊದೆಯಲು ಕಂಬಳಿ, ಬಡಿಯಲು ಡಬ್ಬ; ಇಷ್ಟೇ ಅದರ ಸಂಸಾರ. ತೆನೆ ಹಾಲು ತುಂಬಿದಂದಿನಿಂದ ಕೊಯ್ಲಿನವರೆಗೆ ಹಂದಿ, ಕಡವೆ, ಜಿಂಕೆಗಳಿಂದ ಪೈರನ್ನು ಉಳಿಸಿಕೊಳ್ಳಲು ರೈತ ಊರಿನಿಂದ ದೂರ ಒಂಟಿಯಾಗಿ ಇಲ್ಲಿ ರಾತ್ರಿ ಕಳೆಯಬೇಕು. ಇಲ್ಲಿ ನಿದ್ದೆಗಿಂತ ಆಲಿಸುವುದೇ ಮುಖ್ಯ. ಕಡವೆಯ ಒಂಟಿ ಕೂಗು, ಕಾಡುಕುರಿಯ ಬೊಗಳು, ಹಗಲಾದರೆ ಮುಸುವನ ಎಚ್ಚರಿಕೆಯ ಸದ್ದು, ಇವುಗಳಿಂದ ಹುಲಿ ಅಥವಾ ಚಿರತೆಯ ಸುಳಿವು ಸಿಗುತ್ತದೆ. ಪೈರಿನೊಳಗಿನ ಸರಸರ ಸದ್ದು ಹಂದಿಯದೋ ಜಿಂಕೆಯದೋ ಎಂಬುದನ್ನು ಕಿವಿಯೇ ನಿರ್ಣಯಿಸಬೇಕು. ದಶರಥ ಶಬ್ದವನ್ನು ನೆಚ್ಚಿ ಕೊಂದ. ಮಾಳದ ಕಾವಲುಗಾರ ಶಬ್ದವನ್ನು ಓದಿ ಓಡಿಸುತ್ತಾನೆ. ಹಳು, ಸೋವು, ಕಂಡಿ, ಮರಸು ಮುಂತಾದ ದೇಶೀ ಪದಗಳನ್ನು ಉಳಿಸಿದ್ದು ಬಂಗಲೆಯಲ್ಲ, ಈ ಮಾಳದ ಬದುಕು.

ಈ ಎರಡು ಲೋಕಗಳೂ ಸಂಧಿಸುವ ಅಪರೂಪದ ಎಡೆ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’. ವಿಶ್ವಾಮಿತ್ರ ಸೃಷ್ಟಿಸಿದ ಖಗಮೃಗಗಳ ಹಾವಳಿಯಿಂದ ಬೆಳೆ ಕಳೆದುಕೊಂಡ ಪ್ರಜೆಗಳು ದೂರಿತ್ತ ಮೇಲೆ ಅರಸ ಬೇಟೆಗೆ ಹೊರಡುತ್ತಾನೆ. ಅಲ್ಲಿ ಬೇಟೆ ವಿನೋದಕ್ಕಿಂತ ಮೊದಲು ಕಾವಲು. ಪ್ರಜೆಯ ಪೈರಿನ ದೂರು ಕಥೆಯ ಬೀಜವಾಗಿದೆ; ಅದನ್ನು ಬದಿಗಿಟ್ಟರೆ ಹರಿಶ್ಚಂದ್ರ ಕಾಡಿಗೆ ಹೋದ ಕಾರಣವೇ ಇಲ್ಲವಾಗುತ್ತದೆ.

5. ಸಂಗ್ರಹದ ಸಮಸ್ಯೆ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಯಂತ್ರಿಸಿತು. 1991ರ ತಿದ್ದುಪಡಿ ಪರವಾನಗಿಯ ಬೇಟೆಯನ್ನೂ ಕೊನೆಗಾಣಿಸಿತು. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ಸಮುದಾಯಗಳ ಪಾರಂಪರಿಕ ಹಕ್ಕುಗಳನ್ನು ಮನ್ನಿಸಿದರೂ ಬೇಟೆಯ ಹಕ್ಕನ್ನು ಹೊರಗಿಟ್ಟಿದೆ. ಕೋವಿ, ಜೀಪು, ಪ್ರಖರ ದೀಪಗಳ ಬೇಟೆ ಪ್ರಾಣಿಸಂಕುಲವನ್ನು ತಂದು ನಿಲ್ಲಿಸಿದ ಸ್ಥಿತಿಯನ್ನು ನೆನೆದರೆ ಈ ನಿಷೇಧದ ಅಗತ್ಯ ಪ್ರಶ್ನಾತೀತ. ಭಾರತದ ಕೊನೆಯ ಚೀತಾಗಳೆಂದು ದಾಖಲಾದ ಮೂರು ಪ್ರಾಣಿಗಳು 1947ರಲ್ಲಿ ರಾತ್ರಿ ಬೇಟೆಗೇ ಬಲಿಯಾದವು.

ಆದರೆ ನಿಷೇಧದ ಒಂದು ಪರಿಣಾಮವನ್ನು ಭಾಷಾಸಂಶೋಧಕರು ಎದುರಿಸಲೇಬೇಕು. ಪದ ಬಲ್ಲ ಹಿರಿಯರು ಮಾತನಾಡಲು ಅಂಜುತ್ತಾರೆ. ಪದವನ್ನು ವಿವರಿಸುವುದೇ ಅಪರಾಧದ ಒಪ್ಪಿಗೆಯಾಗಬಹುದೆಂಬ ಭಯ ಅವರದು. ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ಕೆಲವು ಎಚ್ಚರಗಳು ಅಗತ್ಯ. ವಕ್ತೃವಿನ ಹೆಸರು, ಊರುಗಳನ್ನು ಗುಪ್ತವಾಗಿಡಬೇಕು. ‘ಯಾರು ಹೊಡೆದರು’ ಎಂಬ ಪ್ರಶ್ನೆಯನ್ನು ಬಿಟ್ಟು ‘ಈ ಜಾಗಕ್ಕೆ, ಈ ಸದ್ದಿಗೆ, ಈ ಗಾಳಿಗೆ ಏನೆನ್ನುತ್ತಾರೆ’ ಎಂದು ಕೇಳಬೇಕು. ಪದವನ್ನು ಅದು ಸೂಚಿಸುವ ಪ್ರಾಣಿ, ಋತು, ನೆಲೆಗಳೊಂದಿಗೆ ದಾಖಲಿಸಬೇಕು. ಮಾಂಸದ ಪಾಲುಗಳ ಹೆಸರನ್ನು ಬರೆದುಕೊಳ್ಳುವಾಗ ಸೋವಿದವರ ಪಾಲನ್ನು ಮರೆಯಬಾರದು.

ಸಮಾರೋಪ

ಬೇಟೆ ನಿಲ್ಲಬೇಕಾದದ್ದು, ನಿಂತಿದೆ. ಅದರೊಂದಿಗೆ ಪ್ರಾಣಿಯ ನಡೆ, ಗಾಳಿಯ ದಿಕ್ಕು, ಇರುಳಿನ ಸದ್ದುಗಳನ್ನು ಕುರಿತ ತಿಳಿವೂ ಅಳಿಯಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ (1991) ಬೇಟೆಗಾರನ ತಿಳಿವು ಪರಿಸರದ ತಿಳಿವಾಗಿ ಹೊರಳಬಲ್ಲುದೆಂಬುದಕ್ಕೆ ಕನ್ನಡದಲ್ಲೇ ಇರುವ ನಿದರ್ಶನ. ಪಂಪನ ಐದನೆಯ ಆಶ್ವಾಸವನ್ನೂ ಕುವೆಂಪು ಕಾದಂಬರಿಗಳನ್ನೂ ಬೋಧಿಸುವವರಿಗೆ ನಿಘಂಟಿನಷ್ಟೇ ಅಗತ್ಯವಾದ ಆಕರಗಳು ಮಾಳದಲ್ಲಿ ಇರುಳು ಕಳೆದವರ ನೆನಪಿನಲ್ಲಿವೆ. ಆ ತಲೆಮಾರು ವೃದ್ಧಾಪ್ಯದಲ್ಲಿದೆ. ಮಲೆನಾಡು, ಕೊಡಗು, ಹಳೆ ಮೈಸೂರು ಮತ್ತು ಬಯಲುಸೀಮೆಗಳ ಬೇಟೆಪದಗಳನ್ನು ಪ್ರದೇಶವಾರು ಸಂಗ್ರಹಿಸಿ, ಹಳಗನ್ನಡ ಪ್ರಯೋಗಗಳೊಂದಿಗೆ ಹೋಲಿಸುವ ಕಾರ್ಯವನ್ನು ಕನ್ನಡ ವಿಭಾಗಗಳು ತಡಮಾಡದೆ ಕೈಗೆತ್ತಿಕೊಳ್ಳಬೇಕಾಗಿದೆ.