ಹೊಳೆ ನೋಡಿ, ಹೊಲ ನೋಡಿ

ಚಿಕ್ಕೋಡಿ ಕಡೆಯವರು ಚಾರಣ ಎಂದೊಡನೆ ಪಶ್ಚಿಮಕ್ಕೆ ಮುಖ ಮಾಡುತ್ತಾರೆ. ಅಂಬೋಲಿ, ಚೋರ್ಲಾ, ಕ್ಯಾಸಲ್‌ರಾಕ್. ಕಬ್ಬು, ತಂಬಾಕು, ಸಕ್ಕರೆ ಕಾರ್ಖಾನೆಯ ಚಿಮಣಿ ಬಿಟ್ಟರೆ ಇಲ್ಲಿ ನೋಡಲಿಕ್ಕೆ ಏನಿದೆ ಎಂಬುದು ಊರವರದೇ ಮಾತು. ನಾನೂ ನಮ್ಮ ಮನೆಯವರೂ ಕೆಲವು ವರ್ಷಗಳಿಂದ ರವಿವಾರಗಳನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲೇ ನಡೆದು ಕಳೆಯುತ್ತಿದ್ದೇವೆ. ಈ ಸೀಮೆಯಲ್ಲಿ ಯಾವಾಗ ಎಲ್ಲಿಗೆ ಹೋಗಬೇಕೆಂಬುದನ್ನು ಹೇಳುವುದು ಹೊಳೆ, ಮಣ್ಣು ಮತ್ತು ಬೆಳೆ. ಇವುಗಳ ಲೆಕ್ಕ ಹಿಡಿದರೆ ಹನ್ನೆರಡು ತಿಂಗಳೂ ನಡೆಯಲು ಹಾದಿ ಉಂಟು.

ಮಳೆಗಾಲದಲ್ಲಿ ಎರೆಹೊಲಕ್ಕೆ ಕಾಲಿಡುವಂತಿಲ್ಲ. ಒಂದು ಹದ ಮಳೆ ಬಿದ್ದರೆ ಸಾಕು, ಹತ್ತು ಹೆಜ್ಜೆಯಲ್ಲಿ ಬೂಟು ಎತ್ತಲಾರದಷ್ಟು ಮಣ್ಣು ಮೆತ್ತಿಕೊಳ್ಳುತ್ತದೆ. ಹಾಗಾಗಿ ಜುಲೈ, ಆಗಸ್ಟ್‌ಗಳು ಮಡ್ಡಿ ಮತ್ತು ಗುಡ್ಡದ ತಿಂಗಳು. ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ನಿಪ್ಪಾಣಿ ದಾಟಿ ಸಂಕೇಶ್ವರದ ಕಡೆ ಏರುವ ತವಂದಿ ಘಾಟು. ಬೆಳಗಾವಿ–ಕೊಲ್ಹಾಪುರ ಹೆದ್ದಾರಿಯಲ್ಲಿ ಓಡಾಡುವವರು ಇದನ್ನು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತಾರೆ. ಇಳಿದು ನಡೆದರೆ ಅದೇ ಗುಡ್ಡ ಅರ್ಧ ದಿನ ಬೇಡುತ್ತದೆ. ಇಲ್ಲಿಯ ಸ್ತವನಿಧಿ ಜೈನರ ಹಳೆಯ ಯಾತ್ರಾಸ್ಥಳ. ಪಾರ್ಶ್ವನಾಥನ ಬಸದಿಗೂ ಬ್ರಹ್ಮದೇವರಿಗೂ ಗಡಿಯ ಎರಡೂ ಕಡೆಯಿಂದ ಜನ ಬರುತ್ತಾರೆ. ಭಕ್ತರು ಬರುವ ಗುಡ್ಡದಲ್ಲಿ ನೀರು ಸಿಗುತ್ತದೆ, ನೆರಳು ಸಿಗುತ್ತದೆ, ಹೆಣ್ಣುಮಗಳೊಬ್ಬಳು ನಡೆದು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಿಪ್ಪಾಣಿ ಕಡೆಯ ಆಡಿ ಮಲ್ಲಯ್ಯನ ಗುಡ್ಡವನ್ನೂ ಕುರ್ಲಿ–ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಪರಿಸರವನ್ನೂ ನಾವು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಹೊಸ ಊರಿನಲ್ಲಿ ನಡೆಯಲು ಶುರುಮಾಡುವ ಗಂಡ ಹೆಂಡತಿಗೆ ದೇವರಿರುವ ಗುಡ್ಡಕ್ಕಿಂತ ಒಳ್ಳೆಯ ಜಾಗವಿಲ್ಲ.

ತವಂದಿಯ ನೆತ್ತಿಯಲ್ಲಿ ನಿಂತಾಗ ಮನೆಯವರು ಒಮ್ಮೆ ನೀರಿನ ಲೆಕ್ಕ ಹೇಳಿದರು. ಅದು ಈಗಲೂ ನನ್ನನ್ನು ಹಿಡಿದಿಟ್ಟಿದೆ. ಗುಡ್ಡದ ಉತ್ತರಕ್ಕೆ ಬಿದ್ದ ಮಳೆ ವೇದಗಂಗೆಗೆ ಇಳಿಯುತ್ತದೆ, ಭೋಜ ಗ್ರಾಮದ ಹತ್ತಿರ ದೂಧಗಂಗೆಯನ್ನು ಕೂಡಿ, ಕಲ್ಲೋಳದ ಬಳಿ ಕೃಷ್ಣೆಗೆ ಸೇರುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಹಿರಣ್ಯಕೇಶಿಗೆ ಇಳಿದು, ಘಟಪ್ರಭೆಯಾಗಿ, ದೂರದ ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮದಲ್ಲಿ ಅದೇ ಕೃಷ್ಣೆಯನ್ನು ಕಾಣುತ್ತದೆ. ನಮ್ಮ ಎರಡು ಕಾಲುಗಳ ನಡುವಿನ ನೀರು ಜಿಲ್ಲೆ ದಾಟಿ ಹೋಗಿ ಮತ್ತೆ ಒಂದಾಗುತ್ತದೆ! ನಕಾಶೆಯಲ್ಲಿ ಇದನ್ನು ನೂರು ಸಲ ನೋಡಿರಬಹುದು, ಕಾಲಿಗೆ ಗೊತ್ತಾಗುವುದು ಅಲ್ಲಿ ನಿಂತಾಗಲೇ.

ಘಾಟು ಹತ್ತುವ ಇದೇ ಬೆಳಗಾವಿ–ಕೊಲ್ಹಾಪುರ ಹೆದ್ದಾರಿಯ ಮೇಲೆ 1981ರಲ್ಲಿ ನಿಪ್ಪಾಣಿಯ ತಂಬಾಕು ರೈತರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ನ್ಯಾಯವಾದ ಬೆಲೆ ಕೇಳಿ ಕುಳಿತಿದ್ದರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಗುಡ್ಡ ಇಳಿದು ತಂಬಾಕಿನ ಹೊಲಗಳ ಬದು ಹಿಡಿದಾಗಲೆಲ್ಲ ಈ ಮಾತು ಬರುತ್ತದೆ, ಬರಬೇಕು ಕೂಡ. ಹಸಿ ತಂಬಾಕಿನ ಎಲೆ ತೊಯ್ದಿರುವಾಗ ಬರಿಗೈ ಸವರಿಕೊಂಡು ಹೋಗಬಾರದು, ನಿಕೋಟಿನ್ ಚರ್ಮದೊಳಗೆ ಇಳಿದು ತಲೆಸುತ್ತು, ವಾಕರಿಕೆ ಬರುತ್ತದೆ. ನಾವು ಒಂದು ತಾಸು ಬದುವಿನ ಮೇಲೆ ನಡೆಯುವಾಗ ಎಚ್ಚರ ವಹಿಸುತ್ತೇವೆ. ಹಂಗಾಮಿಡೀ ಅದರಲ್ಲೇ ಕೈಯಾಡಿಸುವ ಹೆಣ್ಣುಮಕ್ಕಳ ಪಾಡು ಏನೆಂದು ಆಗ ತಿಳಿಯುತ್ತದೆ.

ಮಳೆಗಾಲದಲ್ಲಿ ಹೊಳೆಯ ಕಡೆ ಹೋಗುವುದೇ ಇಲ್ಲ. ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ, ಜತ್ರಾಟ–ಭಿವಶಿ: ಈ ಕೆಳಮಟ್ಟದ ಸೇತುವೆಗಳ ಹೆಸರು ಜುಲೈ ಬಂತೆಂದರೆ ಪತ್ರಿಕೆಯಲ್ಲಿ ಸಾಲಾಗಿ ಬರುತ್ತವೆ, ನೀರಲ್ಲಿ ಮುಳುಗಿದವೆಂದು. ನಮ್ಮೂರಲ್ಲಿ ಮಳೆ ಇಲ್ಲದಿದ್ದರೂ ಕೊಯ್ನಾ ಕಡೆ ಜಡಿಮಳೆ ಹಿಡಿದರೆ ಸಾಕು. ಶನಿವಾರ ರಾತ್ರಿ ಮನೆಯವರು ರಾಜಾಪುರ ಬ್ಯಾರೇಜಿನ ಹೊರಹರಿವು ಎಷ್ಟು ಕ್ಯುಸೆಕ್ ಎಂದು ನೋಡಿಯೇ ಮಲಗುವುದು. 2005, 2019, 2021ರ ಮಹಾಪೂರ ಕಂಡ ದಂಡೆಯ ಊರುಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆ ಮುಟ್ಟಿ ತೋರಿಸುವವರಿದ್ದಾರೆ. ಅವರ ಮಾತನ್ನು ಮೊಬೈಲಿನ ಹವಾಮಾನಕ್ಕಿಂತ ಮೇಲೆ ಇಡಬೇಕು.

ಹೊಳೆಯ ಋತು ದೀಪಾವಳಿ ಮುಗಿದ ಮೇಲೆ. ಕಾಗವಾಡ ತಾಲ್ಲೂಕಿನ ಜುಗೂಳದ ಎದುರು ದಂಡೆಯಲ್ಲಿ, ಮಹಾರಾಷ್ಟ್ರದ ಖಿದ್ರಾಪುರದಲ್ಲಿ, 12ನೇ ಶತಮಾನದ ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯವಿದೆ. ಅದರ ಸ್ವರ್ಗಮಂಟಪದ ನಡುವೆ ಚಾವಣಿಯಿಲ್ಲ. 48 ಕಂಬಗಳ ಮೇಲಿನ ದುಂಡನೆಯ ತೆರಪಿನಿಂದ ಆಕಾಶ ನೇರ ಒಳಗಿಳಿಯುತ್ತದೆ. ಗೋಡೆಗಳಲ್ಲಿ ಕನ್ನಡ ಶಾಸನಗಳಿವೆ. ಆದರೆ ಶಿವನ ಎದುರು ನಂದಿ ಇಲ್ಲ. ದಾಕ್ಷಾಯಿಣಿ ತಂದೆಯ ಯಜ್ಞಕ್ಕೆ ನಂದಿಯನ್ನೇರಿ ಹೋದಳು, ಮುನಿದ ಶಿವ ಇಲ್ಲಿ ಕುಳಿತ, ಆ ನಂದಿ ಇರುವುದು ನಮ್ಮ ಯಡೂರಿನಲ್ಲಿ ಎಂಬುದು ದಂಡೆಯ ಜನರ ನಂಬಿಕೆ. ಯಡೂರಿನ ದೇವರು ಅದೇ ದಕ್ಷಯಜ್ಞವನ್ನು ಕೆಡಿಸಿದ ವೀರಭದ್ರ. ಎರಡು ರಾಜ್ಯಗಳ ಎರಡು ಗುಡಿಗಳನ್ನು ಒಂದು ಕಥೆ ಹೊಳೆಗುಂಟ ಜೋಡಿಸಿದೆ. ಇಂಥ ನಡಿಗೆ ಬೇರೆಲ್ಲಿ ಸಿಕ್ಕೀತು? ಎರಡನ್ನೂ ಒಂದೇ ದಿನ ಮುಗಿಸುವ ಅವಸರ ಬೇಡ. ಒಂದು ರವಿವಾರ ಖಿದ್ರಾಪುರದ ಶಿಲ್ಪಕ್ಕೆ, ಇನ್ನೊಂದು ಯಡೂರಿನ ದಂಡೆಗೆ ಇರಲಿ.

ಅಲ್ಲೇ ದನ ಹೊಡೆದುಕೊಂಡು ಬಂದ ಅಜ್ಜನೊಬ್ಬ ನನ್ನನ್ನು ತಡೆದಿದ್ದ: "ಯವ್ವಾ, ನೀರಾಗ ಕಾಲ ಇಳಿಬಿಡಬ್ಯಾಡ. ಮೊಸಳಿ ಅದಾವ. ಬಿಸಲಿಗೆ ದಂಡಿಮ್ಯಾಲ ಮಲಗಿರ್ತಾವ, ಕಲ್ಲ ಅನಕೋಬೇಕ ನೀ." ಕೃಷ್ಣೆಯಲ್ಲಿ ಮೊಸಳೆ ಇರುವುದು ದಂಡೆಯವರಿಗೆಲ್ಲ ಗೊತ್ತು. ಅಂದಿನಿಂದ ಮುಖ ತೊಳೆಯುವುದಕ್ಕೂ ಬಾಟಲಿಯ ನೀರು, ಬುತ್ತಿ ಬಿಚ್ಚುವುದು ಗುಡಿಯ ಕಟ್ಟೆಯ ಮೇಲೆ.

ನವೆಂಬರಿನಿಂದ ಕಬ್ಬಿನ ಹಂಗಾಮು. ಎತ್ತರ ಬೆಳೆದ ಕಬ್ಬಿನ ನಡುವೆ ದಿಕ್ಕು ಸಿಗುವುದಿಲ್ಲ, ಹಾವು, ಹಂದಿ ಬೇರೆ. ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುತ್ತಾರೆ. ಗಾಳಿ ತಿರುಗಿದರೆ ಹೊಗೆ ಹಾದಿ ಮುಚ್ಚುತ್ತದೆ. ಕಡಿಯುವ ಗ್ಯಾಂಗಿನವರನ್ನು ಕೇಳದೆ ಕಬ್ಬಿನೊಳಗಿನ ದಾರಿ ಹಿಡಿಯುವುದಿಲ್ಲ. ಇನ್ನು, ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಎಷ್ಟೋ ಸಲ ಕೆಂಪು ದೀಪವೇ ಇರುವುದಿಲ್ಲ. ಹೊತ್ತು ಮುಳುಗುವ ಮೊದಲು ಬೈಕು ಮನೆ ಸೇರಬೇಕು. ಇದರಲ್ಲಿ ನಮ್ಮಿಬ್ಬರ ನಡುವೆ ಚರ್ಚೆಯೇ ಇಲ್ಲ.

ಅಥಣಿಯ ಪೂರ್ವ ಭಾಗ ಬರದ ನಾಡು. ಬಿಳಿಜೋಳದ ಹೊಲ, ಜಾಲಿ, ಕಲ್ಲುಮಡ್ಡಿ. ಚಳಿಗಾಲದ ಬೆಳಗು ಬಿಟ್ಟರೆ ಅಲ್ಲಿ ನಡೆಯುವುದು ಕಷ್ಟ. ಮಾರ್ಚ್ ದಾಟಿದ ಮೇಲೆ ಹೋದರೆ ಇಬ್ಬರಿಗೆ ಐದು ಲೀಟರ್ ನೀರು, ಹತ್ತು ಗಂಟೆಯೊಳಗೆ ನೆರಳು. ಅಥಣಿ ಸೀಮೆಯ ಮದಭಾವಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಕುಟುಂಬಗಳಿವೆ. 2018ರಲ್ಲಿ ಈ ಚಪ್ಪಲಿಗೆ ಸಿಕ್ಕ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಒಣ ಬೇಸಿಗೆಯ ಹಾದಿಗೆ ಅದಕ್ಕಿಂತ ತಂಪಾದ ಪಾದರಕ್ಷೆ ನಾನು ಕಂಡಿಲ್ಲ. ನೀರಿಗೆ ಮಾತ್ರ ಅದನ್ನು ಒಡ್ಡಬಾರದು.

ಇಬ್ಬರೇ ನಡೆಯುವಾಗಿನ ಒಂದು ಸೂತ್ರವನ್ನೂ ಹೇಳಬೇಕು. ಮನೆಯವರ ನಡಿಗೆ ಬಿರುಸು, ನನ್ನದು ನಿಧಾನ. ದಾರಿಯಲ್ಲಿ ಸಿಕ್ಕ ಹೆಣ್ಣುಮಕ್ಕಳನ್ನು ಮಾತಾಡಿಸದೆ ಮುಂದೆ ಹೋಗುವ ಜಾಯಮಾನ ನನ್ನದಲ್ಲ. ಆದ್ದರಿಂದ ಮುಂದೆ ನಡೆಯುವವಳು ನಾನು. ಹಿಂದಿನವರು ಮುಂದಿನವರ ವೇಗಕ್ಕೆ ಹೊಂದಿಕೊಂಡರೆ ಯಾರಿಗೂ ಏದುಸಿರಿಲ್ಲ, ಮುನಿಸಿಲ್ಲ. ಹಾದಿ ಕೇಳುವ ಕೆಲಸವೂ ನನ್ನದೇ ಆದದ್ದು ಹೀಗೆ.

ಈ ಸಲ ಮಾಘದ ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ನಡೆದೇ ಹೋಗುವುದೆಂದು ಮಾತಾಗಿದೆ. ಆ ಹೊತ್ತಿಗೆ ಎರೆಮಣ್ಣು ಒಣಗಿ ಗಟ್ಟಿಯಾಗಿರುತ್ತದೆ, ಚಕ್ಕಡಿಗಳು ತುಳಿದ ದಾರಿ ತಾನೇ ತೋರುತ್ತದೆ. ಮೀರಜ್ ಮಾರ್ಗದ ರೈಲಿನಲ್ಲಿ ಕುಡಚಿಯಲ್ಲಿ ಇಳಿದು ನಡೆದರೆ ಮುಂದಿನ ನಿಲ್ದಾಣವೇ ಚಿಂಚಲಿ. ದಣಿದವರು ಅಲ್ಲಿಂದ ರಾಯಬಾಗಕ್ಕೆ ರೈಲು ಹತ್ತಬಹುದು. ನಿಪ್ಪಾಣಿಯಿಂದ ನಾದಿನಿ ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಚಕ್ಕಡಿ ಸಾಲು ಬಂದರೆ ಓಡಿ ಅಡ್ಡ ದಾಟದೆ ಬದುವಿನ ಮೇಲೆ ಹತ್ತಿ ನಿಲ್ಲಬೇಕೆಂದು ಮಕ್ಕಳಿಗೆ ಈಗಲೇ ಹೇಳಿಟ್ಟಿದ್ದೇನೆ. ಕಟಕ್ ರೊಟ್ಟಿ, ಗುರೆಳ್ಳಿನ ಚಟ್ನಿ, ಶೇಂಗಾ ಹೋಳಿಗೆ ನನ್ನ ಪಾಲಿಗೆ, ನೀರಿನ ಚೀಲ ಮನೆಯವರ ಪಾಲಿಗೆ. ರೈಲಿನ ಹೊತ್ತನ್ನು ಮಾತ್ರ ಹಿಂದಿನ ದಿನ ಇನ್ನೊಮ್ಮೆ ಕೇಳಿ ನೋಡಬೇಕು.