ಲೆಕ್ಕಪತ್ರದ ಗಣಕ: ಪರದೆಯ ಅಂದ ಮತ್ತು ದಿನಾಂಕದ ಕ್ರಮ

ವ್ಯಾಪಾರ ಸಂಸ್ಥೆಗೆ ಹೊಸ ಗಣಕಯಂತ್ರ ಬಂದ ದಿನ ಪರದೆಗೆ ಒಳ್ಳೆಯ ಚಿತ್ರವೊಂದನ್ನು ಹಾಕುವುದರಲ್ಲಿ ಇರುವ ಉತ್ಸಾಹ ಉಳಿದ ಹೊಂದಾಣಿಕೆಗಳಲ್ಲಿ ಕಂಡುಬರುವುದಿಲ್ಲ. ಮಾರಾಟಗಾರನು ಜೋಡಿಸಿಕೊಟ್ಟ ಸ್ಥಿತಿಯಲ್ಲಿಯೇ ಗಣಕವು ವರ್ಷಗಟ್ಟಲೆ ನಡೆಯುತ್ತದೆ. ಡೆಸ್ಕ್‌ಟಾಪ್ ಎಂದರೆ ಮೇಜಿನ ಮೇಲ್ಭಾಗ. ಗುಮಾಸ್ತನ ಮೇಜಿನ ಮೇಲೆ ಕಿರ್ದಿ ಎಲ್ಲಿರಬೇಕು, ರಸೀತಿ ಪುಸ್ತಕ ಎಲ್ಲಿರಬೇಕು ಎಂದು ನಿಗದಿಪಡಿಸುವ ಮಾಲೀಕರು ಗಣಕದ ಮೇಜನ್ನು ಮಾತ್ರ ಅದರ ಪಾಡಿಗೆ ಬಿಡುವುದು ಸೋಜಿಗದ ಸಂಗತಿ.

ಚಿತ್ರದ ವಿಷಯವನ್ನು ಬೇಗ ಮುಗಿಸಬಹುದು. ಒಂದೇ ಬಣ್ಣದ ಹಿನ್ನೆಲೆಯಿದ್ದರೆ ಐಕಾನ್‌ಗಳು ಸ್ಪಷ್ಟವಾಗಿ ಕಾಣುತ್ತವೆ. ಲಕ್ಷ್ಮಿಯ ಚಿತ್ರವೇ ಬೇಕೆಂದರೆ ಆಕ್ಷೇಪವಿಲ್ಲ. ಐಕಾನ್‌ಗಳು ದೇವಿಯ ಮುಖವನ್ನು ಮುಚ್ಚದಿದ್ದರೆ ಸಾಕು. ಆದರೆ ಅಂದಕ್ಕಾಗಿ ಅಂತರಜಾಲದಿಂದ ಉಚಿತ ಥೀಮ್‌ಗಳನ್ನೂ ಐಕಾನ್ ಸಮೂಹಗಳನ್ನೂ ಇಳಿಸಿಕೊಳ್ಳುವ ಹವ್ಯಾಸವನ್ನು ಲೆಕ್ಕಪತ್ರದ ಗಣಕದಿಂದ ದೂರವಿಡಬೇಕು. ನಿತ್ಯ ಬಳಸುವ ನಾಲ್ಕೈದು ತಂತ್ರಾಂಶಗಳನ್ನು ಕೆಳಗಿನ ಟಾಸ್ಕ್‌ಬಾರ್‌ಗೆ ಪಿನ್ ಮಾಡಿಕೊಂಡರೆ, ವಿಂಡೋಸ್ ಕೀಲಿಯೊಡನೆ 1, 2, 3 ಎಂಬ ಅಂಕಿಯನ್ನು ಒತ್ತಿದಾಗ ಅದೇ ಕ್ರಮದಲ್ಲಿ ಅವು ತೆರೆದುಕೊಳ್ಳುತ್ತವೆ.

ಇನ್ನು ಮುಖ್ಯ ವಿಷಯ. ಅನೇಕ ಗಣಕಗಳಲ್ಲಿ ಪ್ರಾದೇಶಿಕ ಕ್ರಮವು ಅಮೆರಿಕದ್ದಾಗಿಯೇ ಉಳಿದಿರುತ್ತದೆ. ಅಲ್ಲಿ ಮೊದಲು ತಿಂಗಳು, ಅನಂತರ ದಿನ. ಇಂತಹ ಗಣಕದ ಎಕ್ಸೆಲ್‌ನಲ್ಲಿ ಗುಮಾಸ್ತನು ಏಪ್ರಿಲ್ 5 ಎಂಬ ಅರ್ಥದಲ್ಲಿ 05/04/2025 ಎಂದು ಬರೆದರೆ ಗಣಕವು ಅದನ್ನು ಮೇ 4 ಎಂದು ಗ್ರಹಿಸುತ್ತದೆ. ಪರದೆಯ ಮೇಲೆ ಯಾವ ವ್ಯತ್ಯಾಸವೂ ತೋರುವುದಿಲ್ಲ. 25/04/2025 ಎಂದು ಬರೆದಾಗ ಇಪ್ಪತ್ತೈದನೆಯ ತಿಂಗಳು ಇಲ್ಲದಿರುವುದರಿಂದ ಗಣಕವು ಅದನ್ನು ದಿನಾಂಕವೆಂದೇ ಪರಿಗಣಿಸದೆ ಬರಿಯ ಅಕ್ಷರಗಳಂತೆ ಇಟ್ಟುಕೊಳ್ಳುತ್ತದೆ. ಹೀಗೆ ಒಂದೇ ಅಂಕಣದಲ್ಲಿ ತಿಂಗಳ ಮೊದಲ ಹನ್ನೆರಡು ದಿನಗಳು ತಪ್ಪು ದಿನಾಂಕಗಳಾಗಿಯೂ ಉಳಿದವು ದಿನಾಂಕವೇ ಅಲ್ಲದವುಗಳಾಗಿಯೂ ನಿಲ್ಲುತ್ತವೆ. ಏಪ್ರಿಲ್ 4, ಮೇ 5ರಂತಹ ದಿನಗಳು ಮಾತ್ರ ಅದೃಷ್ಟವಶಾತ್ ಸರಿಯಾಗಿರುತ್ತವೆ. ಬ್ಯಾಂಕಿನಿಂದ ಇಳಿಸಿಕೊಂಡ ಸಿಎಸ್‌ವಿ ರೂಪದ ಖಾತೆ ವಿವರಣೆಯನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗಲೂ ಇದೇ ಗತಿ.

ಇದರಿಂದಾಗುವ ನಷ್ಟ ಕಾಲ್ಪನಿಕವಲ್ಲ. ಸಣ್ಣ ಉತ್ಪಾದಕರೊಬ್ಬರು ದೊಡ್ಡ ಕಾರ್ಖಾನೆಗೆ ಬಿಡಿಭಾಗಗಳನ್ನು ಸರಬರಾಜು ಮಾಡಿ, ಏಪ್ರಿಲ್ 5ರಂದು ಮಾಲು ಸ್ವೀಕೃತವಾಯಿತೆಂದು ಭಾವಿಸೋಣ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೆಯ ಕಲಮಿನಂತೆ, ಲಿಖಿತ ಕರಾರಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಅದರಂತೆ ಹಣ ಮೇ 20ರೊಳಗೆ ಬರಬೇಕು. ಗಣಕವು ಮೇ 4ರಿಂದ ಎಣಿಸಿದರೆ ಗಡುವು ಜೂನ್ 18ಕ್ಕೆ ಬೀಳುತ್ತದೆ. ಬಾಕಿದಾರರ ಪಟ್ಟಿಯನ್ನು ನಂಬಿದ ಉತ್ಪಾದಕರು 29 ದಿನ ತಡವಾಗಿ ತಗಾದೆ ಆರಂಭಿಸುತ್ತಾರೆ. ಕೊಳ್ಳುವವರ ಗಣಕದಲ್ಲಿ ಇದೇ ದೋಷವಿದ್ದರೆ ಅವರ ಮೇಲೆ 16ನೆಯ ಕಲಮಿನ ಬಡ್ಡಿ, ಅಂದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿಯ ಲೆಕ್ಕದಲ್ಲಿ ಅವರಿಗರಿವಿಲ್ಲದೆಯೇ ಬೆಳೆಯುತ್ತಿರುತ್ತದೆ.

ಇದಕ್ಕಿಂತ ತೊಡಕಿನದು ವರ್ಷದ ಗಡಿಯಲ್ಲಿ ಬರುವ ಬಿಲ್ಲು. 2025ರ ಏಪ್ರಿಲ್ 3ರ ಬಿಲ್ಲನ್ನು 03/04/2025 ಎಂದು ಬರೆದರೆ ಅದು ಮಾರ್ಚ್ 4ಕ್ಕೆ ಜಾರಿ ಹಿಂದಿನ ಆರ್ಥಿಕ ವರ್ಷದ ಲೆಕ್ಕಕ್ಕೆ ಸೇರುತ್ತದೆ. ಆ ವರ್ಷದ ವಹಿವಾಟು, ಜಿಎಸ್‌ಟಿ ವಿವರಣೆ, ಸರಕಿನ ತಾಳೆ ಎಲ್ಲವೂ ಕದಡುತ್ತವೆ. ಲೆಕ್ಕಪರಿಶೋಧನೆಯ ವೇಳೆಗೆ ಇದರ ಮೂಲವನ್ನು ಹುಡುಕಲು ಒಂದು ಬಿಲ್ಲಿಗೆ ಅರ್ಧ ದಿನ ಹೋದರೂ ಆಶ್ಚರ್ಯವಿಲ್ಲ.

ಪರಿಹಾರ ಎರಡು ನಿಮಿಷದ ಕೆಲಸ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಟೈಮ್ ಅಂಡ್ ಲಾಂಗ್ವೇಜ್, ಮತ್ತೆ ಲಾಂಗ್ವೇಜ್ ಅಂಡ್ ರೀಜನ್ ಎಂಬಲ್ಲಿ ರೀಜನಲ್ ಫಾರ್ಮ್ಯಾಟನ್ನು ಇಂಗ್ಲಿಷ್ (ಇಂಡಿಯಾ) ಎಂದು ಆರಿಸಿ, ಎಕ್ಸೆಲ್ ಅನ್ನು ಮುಚ್ಚಿ ತೆರೆಯಬೇಕು. ವಿಂಡೋಸ್ 10ರಲ್ಲಿಯೂ ದಾರಿ ಹೆಚ್ಚುಕಡಿಮೆ ಇದೇ. ಆದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದನ್ನು ಮರೆಯಬಾರದು. ಇದೇ ಆಯ್ಕೆಯಿಂದ 1,250,000 ಎಂದು ತೋರುತ್ತಿದ್ದ ಮೊತ್ತವೂ ನಮ್ಮ ಲಕ್ಷದ ಕ್ರಮದಲ್ಲಿ 12,50,000 ಎಂದು ತೋರುತ್ತದೆ. ಈ ಹೊಂದಾಣಿಕೆ ಬಳಕೆದಾರರಿಗೆ ಪ್ರತ್ಯೇಕವಾಗಿ ಅನ್ವಯಿಸುವುದರಿಂದ, ಒಂದೇ ಗಣಕದಲ್ಲಿ ಇಬ್ಬರು ಗುಮಾಸ್ತರಿಗೆ ಬೇರೆ ಬೇರೆ ಲಾಗಿನ್ ಇದ್ದರೆ ಎರಡರಲ್ಲೂ ಮಾಡತಕ್ಕದ್ದು.

ಈಗಾಗಲೇ ತಪ್ಪಾಗಿ ದಾಖಲಾದ ದಿನಾಂಕಗಳು ಇದರಿಂದ ಸರಿಹೋಗುವುದಿಲ್ಲ. ಎಕ್ಸೆಲ್ ದಿನಾಂಕವನ್ನು ಒಂದು ಸಂಖ್ಯೆಯಾಗಿ ಉಳಿಸಿಕೊಳ್ಳುತ್ತದೆ. ತೋರುವ ಕ್ರಮ ಬದಲಾದರೂ ಸಂಖ್ಯೆ ಬದಲಾಗದು. ಹಳೆಯ ಕಡತವನ್ನು ಪರೀಕ್ಷಿಸಲು ಸುಲಭ ಉಪಾಯವೊಂದಿದೆ. ಜೋಡಣೆಯನ್ನು ಬದಲಿಸದ ಅಂಕಣದಲ್ಲಿ ನಿಜವಾದ ದಿನಾಂಕಗಳು ಬಲಕ್ಕೂ ಅಕ್ಷರಗಳಾಗಿ ಉಳಿದವು ಎಡಕ್ಕೂ ಅಂಟಿಕೊಂಡಿರುತ್ತವೆ. ಎಡಬಲಗಳ ಮಿಶ್ರಣ ಕಂಡರೆ ಆ ಅಂಕಣವನ್ನು ನಂಬದೆ ಮೂಲ ಬಿಲ್ಲು ಅಥವಾ ಮೂಲ ಸಿಎಸ್‌ವಿಯಿಂದ ಮತ್ತೆ ತಯಾರಿಸುವುದೇ ಕ್ಷೇಮ.

ಅದೇ ಕುರ್ಚಿಯಲ್ಲಿ ಕುಳಿತಿರುವಾಗಲೇ ಇನ್ನೆರಡು ಕೆಲಸಗಳನ್ನು ಮುಗಿಸಬಹುದು. ವಿಂಡೋಸ್ ತಾನಾಗಿಯೇ ಕಡತದ ಹೆಸರಿನ ಕೊನೆಯ ಭಾಗವನ್ನು ಮರೆಮಾಡಿರುತ್ತದೆ. ಮಿಂಚಂಚೆಯಲ್ಲಿ ಬಂದ ‘ಇನ್‌ವಾಯ್ಸ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬ ಕಪಟ ಕಡತವು ಬಿಲ್ಲಿನ ಪಿಡಿಎಫ್‌ನಂತೆಯೇ ಕಾಣಲು ಇದೇ ಕಾರಣ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದನ್ನು ಗುರುತು ಮಾಡಿದರೆ ಪೂರ್ಣ ಹೆಸರು ಕಾಣುತ್ತದೆ. ಎರಡನೆಯದು, ಡೆಸ್ಕ್‌ಟಾಪ್ ಮೇಲೆಯೇ ಬಿಲ್ಲುಗಳ ಪ್ರತಿ ಉಳಿಸುವ ರೂಢಿ. ಪ್ರತ್ಯೇಕ ವ್ಯವಸ್ಥೆಯಿಲ್ಲದಿದ್ದರೆ ಇವು ಸಿ ಡ್ರೈವ್‌ನಲ್ಲಿಯೇ ಇರುತ್ತವೆ. ರಿಪೇರಿಯವನು ಆ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಹೋಗುತ್ತವೆ. ಜಿಎಸ್‌ಟಿ ಕಾಯಿದೆಯ 36ನೆಯ ಕಲಮು ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕೆಂದು ವಿಧಿಸುತ್ತದೆ. ಆದ್ದರಿಂದ ಡೆಸ್ಕ್‌ಟಾಪ್ ಮೇಲೆ ಇಡಬೇಕಾದದ್ದು ಶಾರ್ಟ್‌ಕಟ್ ಮಾತ್ರ. ಮೂಲ ಕಡತಗಳು ವರ್ಷವಾರು ಫೋಲ್ಡರುಗಳಲ್ಲಿ ಬೇರೆ ಡ್ರೈವ್‌ನಲ್ಲಿಯೂ, ಅವುಗಳ ಒಂದು ಪ್ರತಿ ಗಣಕದಿಂದ ಹೊರಗೂ ಇರಬೇಕು.